ಕುಮಾರ ಪರ್ವತದ ನಿಜವನ್ನು ಮೊದಲು ಹೇಳಿ: ಚಾರಣ ಆಯೋಜಕರಿಗೆ ಒಂದು ಬಹಿರಂಗ ಪತ್ರ

ವಾರಾಂತ್ಯಕ್ಕೆ ಬೆಂಗಳೂರಿನಿಂದ ಕುಮಾರ ಪರ್ವತಕ್ಕೆ ಜನರನ್ನು ಕರೆತರುವ ಎಲ್ಲ ಚಾರಣ ಆಯೋಜಕರಿಗೆ,

ಮಾನ್ಯರೇ,

ನಮಸ್ಕಾರ. ನಾನು ಕುಮಾರ ಪರ್ವತದ ಬುಡದಲ್ಲಿರುವ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹತ್ತಿರದ ಹಳ್ಳಿಯೊಂದರವಳು. 31 ವರ್ಷ ಪ್ರೌಢಶಾಲೆಯ ಮಕ್ಕಳಿಗೆ ದೈಹಿಕ ಶಿಕ್ಷಣ ಕಲಿಸಿ ಈಗ ನಿವೃತ್ತಳಾಗಿದ್ದೇನೆ. ಕುಮಾರ ಪರ್ವತವನ್ನು ಮೊದಲು ಹತ್ತಿದ್ದು ಕಾಲೇಜಿನಲ್ಲಿದ್ದಾಗ, ಅಣ್ಣನ ಜೊತೆ. ಆಮೇಲೆ ಎಷ್ಟು ಸಲ ಹತ್ತಿದೆನೋ ಲೆಕ್ಕ ಇಟ್ಟಿಲ್ಲ. ಮಳೆಗಾಲ ಕಳೆದು ಹಾದಿ ತೆರೆದರೆ ಮನಸ್ಸು ಆ ಕಡೆಗೇ ಎಳೆಯುತ್ತದೆ. ಇಷ್ಟನ್ನು ಹೇಳಿದ್ದು, ಈ ಪತ್ರವನ್ನು ಬೆಟ್ಟ ಹತ್ತುವವರನ್ನು ಕಂಡರೆ ಆಗದ ಹೆಂಗಸೊಬ್ಬಳು ಬರೆದಿದ್ದಾಳೆ ಎಂದು ನೀವು ತಿಳಿಯಬಾರದು ಎಂಬ ಕಾರಣಕ್ಕೆ. ಹೊಸಬರು ಬರಬೇಕು, ಹೆಣ್ಣುಮಕ್ಕಳು ಬರಬೇಕು ಎಂದು ಬಯಸುವವಳು ನಾನು.

ಕಳೆದ ಡಿಸೆಂಬರಿನ ಒಂದು ಶನಿವಾರ ಸಂಜೆ ನಾಲ್ಕರ ಹೊತ್ತಿಗೆ ನಾನೂ ನನ್ನ ತಂಗಿಯ ಮಗನೂ ಹಾದಿಯ ಮೇಲ್ಭಾಗದಲ್ಲಿರುವ ಕಲ್ಲು ಮಂಟಪದಿಂದ ಕೆಳಗೆ ಇಳಿಯುತ್ತಿದ್ದೆವು. ಹುಲ್ಲುಗಾವಲಿನ ನಡುವೆ, ಹಾದಿಯ ಪಕ್ಕದ ಬಂಡೆಯ ಮೇಲೆ ಮೂವತ್ತರ ಆಸುಪಾಸಿನ ಒಬ್ಬಳು ಕುಳಿತಿದ್ದಳು. ಒಬ್ಬಳೇ. ಒಂದು ಕಾಲಿನ ಬೂಟು ಕಳಚಿ ಪಕ್ಕಕ್ಕಿಟ್ಟಿದ್ದಳು. ಬೆಳಗಿನ ಜಾಗಿಂಗ್‌ಗೆ ಹಾಕುವಂಥ ಬೂಟು ಅದು. ಅಡಿಭಾಗ ಸವೆದು ಅಂಗೈಯಷ್ಟು ನುಣುಪಾಗಿತ್ತು. ಹೆಬ್ಬೆರಳಿನ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲಿ ಒಂದು ಲೀಟರಿನ ಬಾಟಲಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಹಾಗೇ ಉಳಿದಿತ್ತು. ತುಟಿ ಮಾತ್ರ ಒಣಗಿ ಬಿರಿದಿತ್ತು.

“ನೀರಿದೆಯಲ್ಲ ಮಗಳೇ, ಯಾಕೆ ಕುಡಿದಿಲ್ಲ?” ಎಂದು ಕೇಳಿದೆ. ನನ್ನ ಜೊತೆಗಿದ್ದ ಹುಡುಗ ನಾಲ್ಕು ಹೆಜ್ಜೆ ಮುಂದೆ ಹೋಗುವವರೆಗೂ ಅವಳು ಉತ್ತರ ಕೊಡಲಿಲ್ಲ. ಆಮೇಲೆ ತಲೆ ತಗ್ಗಿಸಿಕೊಂಡು, “ಕುಡಿದರೆ ಹೋಗಬೇಕಾಗುತ್ತದೆ ಮೇಡಂ. ಇಲ್ಲಿ ಎಲ್ಲಿಗೆ ಹೋಗುವುದು?” ಎಂದಳು.

ಮಾನ್ಯರೇ, ಕೆಳಗಿನ ಕಾಡು ಮುಗಿಯುವಲ್ಲಿ ಚಾರಣಿಗರು ನಿಂತು ಸುಧಾರಿಸಿಕೊಳ್ಳುವ ಭಟ್ಟರ ಮನೆ ದಾಟಿದ ಮೇಲೆ ಆ ಹಾದಿಯಲ್ಲಿ ಶೌಚಾಲಯವಿಲ್ಲ. ಬಹುದೂರ ಬರೀ ಬೋಳು ಹುಲ್ಲು ಗುಡ್ಡ, ಮರೆಗೆ ಒಂದು ಪೊದೆಯೂ ಸಿಗದ ಜಾಗಗಳೇ ಹೆಚ್ಚು. ಮುಂದೆ ಹಿಂದೆ ಸಾಲಾಗಿ ಜನ. ಈ ಸಂಗತಿ ನಿಮಗೆ ಗೊತ್ತಿದೆ, ವಾರ ವಾರ ಬರುವವರು ನೀವು. ಆದರೆ ನಿಮ್ಮ ಜಾಹೀರಾತುಗಳಲ್ಲಿ ಮೋಡದ ಮೇಲೆ ಕೈ ಚಾಚಿ ನಿಂತವರ ಚಿತ್ರಗಳಿವೆಯೇ ಹೊರತು ಇದರ ಬಗ್ಗೆ ಒಂದು ಸಾಲನ್ನೂ ನಾನು ಕಂಡಿಲ್ಲ. ಮೊದಲೇ ತಿಳಿದಿದ್ದರೆ ಅವಳು ಭಟ್ಟರ ಮನೆಯ ಹತ್ತಿರ ಅನುಕೂಲ ಮಾಡಿಕೊಂಡು, ದೊಡ್ಡ ದುಪ್ಪಟ್ಟಾ ಒಂದನ್ನು ಚೀಲದಲ್ಲಿಟ್ಟುಕೊಂಡು, ಜೊತೆಗೆ ಇನ್ನೊಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಧೈರ್ಯವಾಗಿ ನೀರು ಕುಡಿಯುತ್ತಿದ್ದಳು. ತಿಳಿಯದೆ, ಡಿಸೆಂಬರಿನ ಬಿಸಿಲಿನಲ್ಲಿ ಏಳೆಂಟು ಗಂಟೆ ಬಾಯಾರಿಕೆ ಕಟ್ಟಿಕೊಂಡು ನಡೆದಳು. ತೊಡೆ, ಮೀನಖಂಡ ಎರಡೂ ಸೆಳೆದು ಹಿಡಿದುಕೊಂಡಿದ್ದವು.

ಅವಳ ತಂಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ. ಮುಂದಾಳು ಚುರುಕಾಗಿ ನಡೆಯುವವರ ಜೊತೆ ಮುಂದೆ ಹೋಗಿದ್ದ. ಹಿಂದೆ ಉಳಿಯಬೇಕಾದ ಇನ್ನೊಬ್ಬ ಹುಡುಗ ಇವಳಿಗಿಂತಲೂ ಹಿಂದೆ, ಹೊಟ್ಟೆ ತೊಳಸಿ ಕುಳಿತಿದ್ದ ಬೇರೊಬ್ಬರ ಜೊತೆ ಸಿಕ್ಕಿಕೊಂಡಿದ್ದ. ಆ ಹುಡುಗನನ್ನು ನಾನು ದೂರುವುದಿಲ್ಲ. ಇಬ್ಬರು ಇಪ್ಪತ್ತು ಜನರನ್ನು ನೋಡಿಕೊಳ್ಳಲಾರರು ಎಂಬುದು ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ದ ಯಾವ ಮೇಷ್ಟರಿಗೂ ಗೊತ್ತಿರುವ ಮಾತು.

ನನ್ನ ಚೀಲದಲ್ಲಿ ಉಪ್ಪು ಸಕ್ಕರೆ ಬೆರೆಸಿದ ನೀರು ಇತ್ತು, ಕುಡಿಸಿದೆವು. ಕಾಲು ನೀವಿದೆವು. ಬೂಟಿನ ದಾರವನ್ನು ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ, ಬೆರಳಿನ ಕಡೆ ಸಡಿಲವಾಗಿ ಕಟ್ಟಿಕೊಟ್ಟೆ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳು ಬೂಟಿಗೆ ಗುದ್ದುವುದು ಇದರಿಂದ ಕಡಿಮೆಯಾಗುತ್ತದೆ. ಒಂದು ಕೈಗೆ ನನ್ನ ಕೋಲು, ಇನ್ನೊಂದು ಕೈಗೆ ಹುಡುಗನ ಭುಜ. ಭಟ್ಟರ ಮನೆ ತಲುಪುವಾಗ ಸೂರ್ಯ ಮುಳುಗಿಯಾಗಿತ್ತು. ಅಲ್ಲಿಂದ ಕೆಳಗೆ ಐದಾರು ಕಿಲೋಮೀಟರ್ ದಟ್ಟ ಕಾಡು, ಹೆಜ್ಜೆ ಹೆಜ್ಜೆಗೆ ಮರದ ಬೇರು, ಸಡಿಲ ಕಲ್ಲು. ಎರಡು ಟಾರ್ಚಿನ ಬೆಳಕಿನಲ್ಲಿ, ಅಡ್ಡಡ್ಡವಾಗಿ ಹೆಜ್ಜೆ ಇಡಿಸುತ್ತಾ ಇಳಿಸಿದೆವು. ಬೆಟ್ಟದ ಬುಡದ ದೇವರಗದ್ದೆಯ ದೀಪಗಳು ಕಂಡಾಗ ರಾತ್ರಿ ಹತ್ತು ದಾಟಿತ್ತು.

ದಾರಿಯುದ್ದಕ್ಕೂ ಅವಳು ಹೇಳುತ್ತಿದ್ದದ್ದು ಒಂದೇ ಮಾತು: “ತಪ್ಪು ನನ್ನದೇ ಮೇಡಂ. ನಾನೇ ಸರಿಯಾಗಿ ತಯಾರಾಗಿ ಬರಬೇಕಿತ್ತು.” ಈ ಚಾರಣದ ಜಾಹೀರಾತಿನಲ್ಲಿ “ಮೊದಲ ಬಾರಿ ಬರುವವರಿಗೂ ಸೂಕ್ತ, ಮಧ್ಯಮ ಮಟ್ಟ” ಎಂದು ಬರೆದಿತ್ತಂತೆ. ಮೊಬೈಲ್ ತೆರೆದು ನನಗೆ ತೋರಿಸಿದಳು ಕೂಡ. ಕೆಳಗೆ ಬಸ್ಸಿನ ಹತ್ತಿರ ಮುಂದಾಳು ಅವಳಿಗೆ ಏನು ಹೇಳಿದ ಗೊತ್ತೇ? “ಮೇಡಂ, ನೀವು ಫಿಟ್ ಇದ್ದೀರಿ ಎಂದು ಫಾರಂಗೆ ಒಪ್ಪಿಗೆ ಕೊಟ್ಟಿದ್ದೀರಲ್ಲ.”

ಈ ಪತ್ರ ಹುಟ್ಟಿದ್ದು ಆ ಮಾತಿನಿಂದ. ಯಾವುದಕ್ಕೆ ಫಿಟ್ ಎಂದು ನೀವು ಆ ಫಾರಂನಲ್ಲಿ ತಿಳಿಸಿದ್ದಿರಿ? ನೀರಿನ ಆಳ ಹೇಳದೆ, “ಈಜು ಬರುತ್ತದೆ ಎಂದು ಸಹಿ ಹಾಕಿ” ಎಂದು ಹೊಳೆಗೆ ಇಳಿಸಿದರೆ ಮುಳುಗಿದವರದ್ದು ತಪ್ಪಾಗುತ್ತದೆಯೇ? ಈ ಬೆಟ್ಟ ನನಗೆ ಹೊಂದುತ್ತದೆಯೇ ಇಲ್ಲವೇ ಎಂದು ತೀರ್ಮಾನಿಸುವ ಹಕ್ಕು ಹತ್ತುವವರದ್ದು, ಒಪ್ಪಿದೆ. ಆ ತೀರ್ಮಾನಕ್ಕೆ ಬೇಕಾದ ಸಂಗತಿಗಳೆಲ್ಲ ನಿಮ್ಮ ಬಳಿ ಇವೆ. ಅವನ್ನು ಕೊಡದೆ ಒಪ್ಪಿಗೆ ಪಡೆಯುವುದು ನ್ಯಾಯವಲ್ಲ.

ಲೆಕ್ಕವನ್ನು ನಾನೇ ಹೇಳುತ್ತೇನೆ. ಕುಮಾರ ಪರ್ವತದ ಎತ್ತರ 1712 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1930 ಮೀಟರ್. ಎತ್ತರ ಮಾತ್ರ ನೋಡಿದವರಿಗೆ ಮುಳ್ಳಯ್ಯನಗಿರಿಯೇ ಕಷ್ಟ ಎನಿಸಬೇಕು. ಆದರೆ ಅಲ್ಲಿ ತುದಿಯ ಸಮೀಪದವರೆಗೂ ರಸ್ತೆ ಇದೆ, ಕೊನೆಗೆ ಮೆಟ್ಟಿಲು ಹತ್ತಿದರೆ ಮುಗಿಯಿತು. ನಂದಿ ಬೆಟ್ಟ 1478 ಮೀಟರ್, ಆದರೆ ಬೆಂಗಳೂರೇ 900 ಮೀಟರಿಗಿಂತ ಮೇಲಿದೆ. ಕುಕ್ಕೆ ಹಾಗಲ್ಲ. ಘಟ್ಟದ ಬುಡದಲ್ಲಿ, ಸಮುದ್ರ ಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಷ್ಟೇ ಇರುವ ಊರು. ಅಲ್ಲಿಂದ ಹೊರಟವರು ಸುಮಾರು 1600 ಮೀಟರ್ ಏರನ್ನು ತಮ್ಮ ಕಾಲಿನಲ್ಲೇ ಹತ್ತಬೇಕು. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದರೆ ಸುಮಾರು 300 ಮೀಟರ್ ಏರಿದಂತೆ. ಹಾಗಾದರೆ ಕುಕ್ಕೆಯಿಂದ ಕುಮಾರ ಪರ್ವತದ ತುದಿಗೆ ಹೋಗುವುದೆಂದರೆ ಒಂದೇ ದಿನ, ಹೆಗಲಿಗೆ ಚೀಲ ಹಾಕಿಕೊಂಡು, ಐದು ಸಲಕ್ಕಿಂತ ಹೆಚ್ಚು ಚಾಮುಂಡಿ ಬೆಟ್ಟ ಹತ್ತಿ ಐದು ಸಲ ಇಳಿದ ಹಾಗೆ. ಈ ಒಂದು ವಾಕ್ಯ ನಿಮ್ಮ ಜಾಹೀರಾತಿನಲ್ಲಿದ್ದರೆ ಮೈಸೂರಿನವಳಾದ ಆ ಹುಡುಗಿಗೆ ಬೇರೆ ವಿವರಣೆಯೇ ಬೇಕಿರಲಿಲ್ಲ.

ಸಮಯದ ಲೆಕ್ಕ ಇನ್ನೂ ಕಟ್ಟುನಿಟ್ಟು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಕೊಟ್ಟ ಸೂತ್ರವೊಂದಿದೆ. ಗುಡ್ಡಗಾಡಿನ ನಡಿಗೆಯ ಲೆಕ್ಕ ಹಾಕುವವರು ಇಂದಿಗೂ ಅದನ್ನೇ ಬಳಸುತ್ತಾರೆ: ಐದು ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ತುದಿಗೆ ಸುಮಾರು 13 ಕಿಲೋಮೀಟರ್. ದೂರಕ್ಕೆ ಎರಡೂವರೆ ಗಂಟೆ, ಏರಿಗೆ ಎರಡೂಮುಕ್ಕಾಲು ಗಂಟೆ ಎಂದರೂ ಐದೂಕಾಲು ಗಂಟೆಯಾಯಿತು. ಇದು ಪಳಗಿದ ಕಾಲು, ಎಲ್ಲೂ ಕೂರದೆ, ನೀರಿಗೂ ನಿಲ್ಲದೆ ನಡೆದರೆ ಸಿಗುವ ಲೆಕ್ಕ. ಹೊಸಬರಿಗೆ ಏಳು ಗಂಟೆ ಎನ್ನಿ. ಅಷ್ಟೇ ದೂರ ವಾಪಸ್ ಇಳಿಯಲು ನಾಲ್ಕೈದು ಗಂಟೆ. ಡಿಸೆಂಬರಿನಲ್ಲಿ ನಮ್ಮ ಕಡೆ ಹಗಲಿನ ಬೆಳಕು ಇರುವುದೇ ಸುಮಾರು ಹನ್ನೊಂದೂವರೆ ಗಂಟೆ. ಬೆಳಗಿನ ತಿಂಡಿ ತಡವಾದರೆ, ಒಬ್ಬರ ಕಾಲು ಉಳುಕಿದರೆ, ಫೋಟೊಕ್ಕೆಂದು ಅರ್ಧ ಗಂಟೆ ನಿಂತರೆ ಕತ್ತಲಾಗುವುದು ಖಚಿತ. ಅದನ್ನು ಅನಿರೀಕ್ಷಿತ ಎಂದು ನೀವು ಹೇಳುವಂತಿಲ್ಲ.

ಇದಕ್ಕೆ ರಾತ್ರಿ ಬಸ್ಸಿನ ನಿದ್ದೆಗೇಡು ಸೇರಿಸಿ. ಶುಕ್ರವಾರ ಕೆಲಸ ಮುಗಿಸಿ, ರಾತ್ರಿ ಬಸ್ ಹತ್ತಿ, ಘಟ್ಟದ ತಿರುವುಗಳಲ್ಲಿ ತೂಕಡಿಸಿ, ಬೆಳಗಿನ ಜಾವ ಕುಕ್ಕೆಯಲ್ಲಿ ಇಳಿದು, ಮುಖ ತೊಳೆದ ಕೂಡಲೇ ಹತ್ತಲು ಶುರು. ಆ ಹುಡುಗಿ ಹಿಂದಿನ ರಾತ್ರಿ ಎರಡು ಗಂಟೆಯೂ ನಿದ್ದೆ ಮಾಡಿರಲಿಲ್ಲ. ಶಾಲೆಯ ಓಟದ ಸ್ಪರ್ಧೆಗೆ ಕೂಡ ನಾವು ಮಕ್ಕಳನ್ನು ಹಿಂದಿನ ರಾತ್ರಿ ಬೇಗ ಮಲಗಿಸುತ್ತಿದ್ದೆವು.

ಹಾದಿಯ ಸ್ವಭಾವವನ್ನೂ ನೀವು ಹೇಳಬೇಕು. ಭಟ್ಟರ ಮನೆಯವರೆಗಿನ ಕಾಡು ತಂಪಾಗಿ ಕಾಣುತ್ತದೆ, ಆದರೆ ಗಾಳಿ ಆಡುವುದಿಲ್ಲ. ಕರಾವಳಿ ಬದಿಯ ಸೆಕೆಯಲ್ಲಿ ಸುರಿದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಉಪ್ಪು ಮಾತ್ರ ಹೋಗುತ್ತಲೇ ಇರುತ್ತದೆ. ಬೆಂಗಳೂರಿನ ಹವೆಗೆ ಒಗ್ಗಿದವರು ಅರ್ಧ ದಾರಿಯಲ್ಲೇ ಸೋಲುವುದು ಇದರಿಂದ. ಮೇಲೆ ಹುಲ್ಲುಗಾವಲಿನಲ್ಲಿ ನೆರಳಿಲ್ಲ. ಕಲ್ಲು ಮಂಟಪದ ಬಳಿಯ ನೀರನ್ನು ಬೇಸಿಗೆ ಹತ್ತಿರ ಬಂದಂತೆ ನಂಬುವಂತಿಲ್ಲ. ಅಲ್ಲಿಂದ ಶೇಷ ಪರ್ವತದ ಏರು ಉಸಿರು ಕಟ್ಟಿಸುತ್ತದೆ. ಇದೇ ತುದಿ ಎಂದುಕೊಂಡು ಹತ್ತಿದವರಿಗೆ ಆಚೆ ಇಳಿದು, ಹುಲ್ಲುಗಾವಲುಗಳ ನಡುವಿನ ದಟ್ಟ ಶೋಲಾ ಕಾಡು ಹೊಕ್ಕು, ಬಂಡೆ ಏರಿದ ಮೇಲೆ ಕುಮಾರ ಪರ್ವತ ಎಂದು ತಿಳಿದಾಗ ಕಣ್ಣಲ್ಲಿ ನೀರು ಬಂದದ್ದನ್ನು ನಾನೇ ನೋಡಿದ್ದೇನೆ. ಇಬ್ಬನಿ ಬಿದ್ದ ಬೆಳಗಾದರೆ, ಮಳೆ ಹನಿದರೆ ಆ ಬಂಡೆ ಎಣ್ಣೆ ಸವರಿದಂತೆ ಜಾರುತ್ತದೆ.

ಇನ್ನು ಇಳಿತ. ಹತ್ತುವುದನ್ನು ಎಲ್ಲರೂ ಕೇಳುತ್ತಾರೆ, ಇಳಿಯುವುದನ್ನು ಯಾರೂ ಕೇಳುವುದಿಲ್ಲ. ಹತ್ತುವಾಗ ಸೋಲುವುದು ಉಸಿರು. ಹತ್ತು ನಿಮಿಷ ಕೂತರೆ ಅದು ವಾಪಸ್ ಬರುತ್ತದೆ. ಇಳಿಯುವಾಗ ಸೋಲುವುದು ತೊಡೆ ಮತ್ತು ಮೊಣಕಾಲು. ಪ್ರತಿ ಹೆಜ್ಜೆಗೂ ಮೈಭಾರವನ್ನೆಲ್ಲ ತಡೆದು ನಿಲ್ಲಿಸುವ ಕೆಲಸ ತೊಡೆಯ ಸ್ನಾಯುವಿನದ್ದು. ಅದು ದಣಿದ ಮೇಲೆ ಆ ಹೊಡೆತ ನೇರ ಮೊಣಕಾಲಿಗೆ ಬೀಳುತ್ತದೆ, ಕೂತು ಎದ್ದರೂ ನೋವು ಬಿಡುವುದಿಲ್ಲ. ಟ್ರೆಡ್‌ಮಿಲ್ ಮೇಲೆ ದಿನವೂ ಅರ್ಧ ಗಂಟೆ ಓಡುವ ಗಟ್ಟಿಮುಟ್ಟಾದ ಹುಡುಗರು ಭಟ್ಟರ ಮನೆಯಿಂದ ಕೆಳಗಿನ ಕಾಡಿನಲ್ಲಿ ಮರ ಹಿಡಿದುಕೊಂಡು ನಿಂತಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅವರು ಓಡಿದ್ದು ಸಮತಟ್ಟಿನಲ್ಲಿ. ಇಳಿಯುವ ಅಭ್ಯಾಸ ಇಳಿದೇ ಆಗಬೇಕು.

ಆದ್ದರಿಂದ ಹಣ ಪಡೆಯುವ ಮುನ್ನ ನೀವು ಕೇಳಬೇಕಾದ ಪ್ರಶ್ನೆ “ಫಿಟ್ ಇದ್ದೀರಾ?” ಎಂಬುದಲ್ಲ. ಅದಕ್ಕೆ ಇಲ್ಲ ಎನ್ನುವವರು ಯಾರು? ಕಳೆದ ಮೂರು ತಿಂಗಳಲ್ಲಿ ಒಂದೇ ದಿನ ಇಪ್ಪತ್ತು ಕಿಲೋಮೀಟರ್ ನಡೆದಿದ್ದೀರಾ ಎಂದು ಕೇಳಿ. ನೂರಾರು ಮೆಟ್ಟಿಲು ಇಳಿದ ಮಾರನೆಯ ದಿನ ಮೊಣಕಾಲು ಊದಿಕೊಂಡಿತ್ತೇ ಎಂದು ಕೇಳಿ. ಹಾಕಿಕೊಂಡು ಬರುವ ಬೂಟು ಹೊಸದೇ, ಹಳೆಯದೇ, ಅಡಿಯ ಹಲ್ಲುಗಳು ಉಳಿದಿವೆಯೇ ಎಂದು ಕೇಳಿ. ಆಸ್ತಮಾ, ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿ ಬರಲಿ. ಮೊದಲ ಚಾರಣವೇ ಇದಾದರೆ, ದಯವಿಟ್ಟು ಬೇರೆ ಬೆಟ್ಟ ಸೂಚಿಸಿ. ಸೋಮವಾರಪೇಟೆ ಕಡೆಯಿಂದ ಹತ್ತಿದರೆ ದೂರ ಹೆಚ್ಚುಕಡಿಮೆ ಅರ್ಧ, ಏರೂ ಕಡಿಮೆ ಎಂಬುದನ್ನೂ ಮುಚ್ಚಿಡದೆ ಹೇಳಿ. ಇದರಿಂದ ನಾಲ್ಕು ಸೀಟು ಖಾಲಿ ಹೋಗಬಹುದು, ನಿಮ್ಮ ಹೊಟ್ಟೆಪಾಡೂ ಇದರಲ್ಲಿದೆ ಎಂಬುದು ನನಗೆ ಅರ್ಥವಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ಇನ್ನೊಂದು ಕೋರಿಕೆಗೆ ನನ್ನ ಮನಸ್ಸಿನಲ್ಲಿ ಹೆಚ್ಚು ಬೆಲೆ. ತಿರುಗಿ ಬರುವ ಸಮಯವನ್ನು ಹೊರಡುವ ಮೊದಲೇ ನಿಗದಿ ಮಾಡಿ, ಎಲ್ಲರೆದುರು ಹೇಳಿ. ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲಿದ್ದೀರೋ ಅಲ್ಲಿಂದ ವಾಪಸ್ ಎಂದರೆ ವಾಪಸ್. ತುದಿ ನೂರು ಹೆಜ್ಜೆ ದೂರವಿದ್ದರೂ ಸರಿ. ಭಟ್ಟರ ಮನೆಯವರೆಗೆ, ಕಲ್ಲು ಮಂಟಪದವರೆಗೆ ಹೋಗಿಬರುವುದನ್ನೂ ಒಂದು ಪೂರ್ಣ ಚಾರಣವೆಂದು ನಿಮ್ಮ ಪಟ್ಟಿಯಲ್ಲಿ ಸೇರಿಸಿ. ಮೂರು ವರ್ಷದಿಂದ ನಾನು ಕಲ್ಲು ಮಂಟಪದಲ್ಲೇ ತಿರುಗುತ್ತೇನೆ. ನನ್ನ ಎಡ ಮೊಣಕಾಲು ಅಷ್ಟಕ್ಕೆ ಒಪ್ಪುತ್ತದೆ, ಮುಂದಕ್ಕೆ ಒಪ್ಪುವುದಿಲ್ಲ. ಮಂಟಪದ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿ, ಶೇಷ ಪರ್ವತದ ಹೆಡೆಯ ಮೇಲೆ ಮೋಡ ಸರಿಯುವುದನ್ನು ನೋಡಿ ಬರುತ್ತೇನೆ. ಬೆಟ್ಟ ನನಗೆ ಏನನ್ನೂ ಕಡಿಮೆ ಮಾಡಿಲ್ಲ. “ತುದಿ ಮುಟ್ಟದಿದ್ದರೆ ಬಂದದ್ದೇ ದಂಡ” ಎಂಬ ಭಾವನೆಯನ್ನು ನಿಮ್ಮ ಹುಡುಗರು ಹಾದಿಯಲ್ಲಿ ಹುಟ್ಟಿಸುತ್ತಾರೆ. “ಇನ್ನೇನು ಬಂತು, ಹತ್ತೇ ನಿಮಿಷ” ಎಂಬ ಸುಳ್ಳನ್ನು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಅದನ್ನು ನಂಬಿ ಒಬ್ಬರು ತಮ್ಮಲ್ಲಿ ಉಳಿದಿದ್ದ ಶಕ್ತಿಯನ್ನೆಲ್ಲ ಮೇಲಕ್ಕೇ ಖರ್ಚು ಮಾಡುತ್ತಾರೆ, ಇಳಿಯಲು ಏನೂ ಉಳಿಯುವುದಿಲ್ಲ.

2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಈ ಹಾದಿಯಲ್ಲಿ ಸೇರಿದ ಜನಜಂಗುಳಿಯ ಚಿತ್ರವನ್ನು ನಾಡೆಲ್ಲ ನೋಡಿತು. ಸರ್ಕಾರ ಚಾರಣವನ್ನೇ ಕೆಲಕಾಲ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಚಾರಣಕ್ಕೆ ಮುಂಗಡ ಟಿಕೆಟ್ ಪಡೆಯಲು ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣ ಬಂದು, ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ಬಂತು. ಒಳ್ಳೆಯದಾಯಿತು. ಈ ಬೆಟ್ಟವಿರುವ ಪುಷ್ಪಗಿರಿ ವನ್ಯಧಾಮದ ಕಾಡಿಗೂ ಅದರಲ್ಲಿರುವ ಜೀವಗಳಿಗೂ ಉಸಿರಾಡಲು ಜಾಗ ಸಿಕ್ಕಿತು. ಆದರೆ ಇಲಾಖೆ ತಲೆ ಎಣಿಸಬಹುದು. ಆ ಮುನ್ನೂರು ಮಂದಿಯಲ್ಲಿ ಯಾರ ಮೊಣಕಾಲು ಹೇಗಿದೆ, ಯಾರು ಹಿಂದಿನ ರಾತ್ರಿ ಮಲಗಿಲ್ಲ, ಯಾರು ನೀರು ಕುಡಿಯುತ್ತಿಲ್ಲ ಎಂಬುದು ಕಾಣುವಷ್ಟು ಹತ್ತಿರದಲ್ಲಿ ಇರುವವರು ನೀವು. ಇಪ್ಪತ್ತು ಜನಕ್ಕೆ ಇಬ್ಬರು ಸಾಲದು, ಮುಂದಾಳುಗಳು ಇನ್ನೂ ಹೆಚ್ಚಿರಲಿ. ಎಲ್ಲರ ಹಿಂದೆ ಬರುವವನು ಯಾವ ಕಾರಣಕ್ಕೂ ಇನ್ನೊಬ್ಬರನ್ನು ತನ್ನ ಹಿಂದೆ ಬಿಟ್ಟು ಬರಬಾರದು. ತಂಡದಲ್ಲಿ ಹೆಣ್ಣುಮಕ್ಕಳಿದ್ದರೆ ಮುಂದಾಳುಗಳಲ್ಲಿ ಒಬ್ಬಳಾದರೂ ಹೆಣ್ಣಿರಲಿ. ಅಂಥವಳೊಬ್ಬಳು ಇದ್ದಿದ್ದರೆ ನೀರಿನ ವಿಷಯವನ್ನು ಹೇಳಿಕೊಳ್ಳಲು ಆ ಹುಡುಗಿಗೆ ಸಂಜೆ ನಾಲ್ಕು ಗಂಟೆಯವರೆಗೆ ಕಾಯಬೇಕಾಗಿರಲಿಲ್ಲ.

ಅವಳು ಈಗಲೂ ನನಗೆ ಆಗಾಗ ಫೋನ್ ಮಾಡುತ್ತಾಳೆ. ಹೆಬ್ಬೆರಳಿನ ಉಗುರು ಬಿದ್ದು ಹೊಸದು ಅರ್ಧ ಬಂದಿದೆಯಂತೆ. ಊರಿಗೆ ಹೋದಾಗಲೆಲ್ಲ ತಂದೆಯ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಳೆ. ಕಳೆದ ತಿಂಗಳು ಒಂದೇ ಬೆಳಗ್ಗೆ ಎರಡು ಸಲ ಹತ್ತಿದಳಂತೆ, ಇಳಿದ ಮೇಲೆ ಮೊಣಕಾಲು ನೋಯಲಿಲ್ಲವಂತೆ. ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಕುಮಾರ ಪರ್ವತಕ್ಕೆ ಬರಲೇ, ಈ ಸಲ ಆಗುತ್ತದೆಯೇ ಎಂದು ಕೇಳಿದಳು. ಮೊದಲು ಭಟ್ಟರ ಮನೆಯವರೆಗೆ ಬಾ, ಅಲ್ಲಿ ಮಜ್ಜಿಗೆ ಕುಡಿದು ಕಾಲು ಏನು ಹೇಳುತ್ತದೋ ಕೇಳೋಣ ಎಂದಿದ್ದೇನೆ. ಅವಳು ಯಾರ ತಂಡದಲ್ಲಿ ಬರುತ್ತಾಳೋ ನನಗೆ ತಿಳಿಯದು. ನಿಮ್ಮಲ್ಲಿ ಯಾರದ್ದೋ ಫಾರಂ ಅವಳ ಮುಂದೆ ಬಂದೇ ಬರುತ್ತದೆ. ಅದರಲ್ಲಿ ಈ ಸಲ ಏನು ಬರೆದಿರುತ್ತದೆ ಎಂದು ತಿಳಿಯಲು ನಾನು ಕಾಯುತ್ತಿರುತ್ತೇನೆ.

ಇತಿ,
ನಿಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ
ದಕ್ಷಿಣ ಕನ್ನಡ ಜಿಲ್ಲೆ